ಗೋಡೆ ಹಿಡಿಯದ ಮಾತು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಲೋಕವೆಲ್ಲ ಹೇಳುತ್ತದೆ. ನಮ್ಮೂರಿನಲ್ಲೂ ಮುತ್ತು ಒಡೆದರೆ ಹೋಗುತ್ತದೆ. ಮಾತು ಮಾತ್ರ ಹೋಗುವುದಿಲ್ಲ; ಗೋಡೆಯೊಳಗೆ ಹೊಕ್ಕು ಕೂರುತ್ತದೆ. ಗೋಡೆ ಒಣಗಿರುವಷ್ಟು ಕಾಲ ಗಪ್ ಚಿಪ್. ತೇವ ತಾಗಿತೋ, ಆಡಿದವರ ದನಿಯಲ್ಲೇ ಆಡಿದ್ದನ್ನು ಆಡಿದ ಹಾಗೆ ಹೊರಗೆ ಹಾಕುತ್ತದೆ. ತಗಡಿಗೆ, ಮರಕ್ಕೆ, ಬಯಲಿಗೆ ಈ ಬುದ್ಧಿಯಿಲ್ಲ. ಇಟ್ಟಿಗೆ ಮಣ್ಣಿನ ಗೋಡೆಗಷ್ಟೇ. ಹಾಗಾಗಿ ನಮ್ಮೂರಿನವರು ಜಗಳವಾಡಬೇಕಾದರೆ ಕೆರೆ ಏರಿಗೆ ಹೋಗುತ್ತಾರೆ. ಗಂಡ ಹೆಂಡತಿ ಬಿರಬಿರನೆ ಏರಿಯ ಕಡೆ ನಡೆಯುತ್ತಿದ್ದರೆ ಎದುರಿಗೆ ಸಿಕ್ಕವರು ಮಾತನಾಡಿಸದೆ ದಾರಿ ಬಿಡುತ್ತಾರೆ. ಬಾಡಿಗೆ ಮನೆ ನೋಡಲು ಹೋಗುವವರ ಕೈಯಲ್ಲಿ ಒಂದು ಚೊಂಬು ನೀರು ಇದ್ದೇ ಇರುತ್ತದೆ. ಚಾಡಿ ಹೇಳುವ ಚಟದವರು ಅದನ್ನು ಬಸ್ಸಿನಲ್ಲಿ ಹೇಳಿಕೊಳ್ಳುತ್ತಾರೆ. ನಮ್ಮೂರ ಬಸ್ಸು ಯಾವತ್ತೂ ಖಾಲಿ ಓಡಿದ್ದಿಲ್ಲ.

ಗೋಡೆಯ ಬಾಯಿ ಮುಚ್ಚಿಸಲು ಇರುವುದು ಸುಣ್ಣವೊಂದೇ. ಸುಣ್ಣ ಬಳಿದರೆ ಅಷ್ಟೂ ಮಾತು ಅಳಿಸಿಹೋಗುತ್ತದೆ, ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲ. ಆದರೆ ಬದುಕಿರುವವರ ಮಾತಿನ ಮೇಲೆ ಸುಣ್ಣ ಬಳಿಯುವುದು ನಮ್ಮಲ್ಲಿ ಅಪಶಕುನ. ಅದು ಸತ್ತ ಮೇಲಿನ ಶಾಸ್ತ್ರ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹನ್ನೊಂದನೆಯ ದಿನ ಬಂಧುಬಳಗ ನಡುಮನೆಯಲ್ಲಿ ಸೇರುತ್ತದೆ. ಮಾವಿನ ಸೊಪ್ಪಿನಿಂದ ಗೋಡೆಗೆ ನೀರು ಚಿಮುಕಿಸುತ್ತಾರೆ. ಮತ್ತೆ ಮತ್ತೆ ಆಡಿದ ಮಾತು, ಸಿಟ್ಟಿನಲ್ಲಿ ಆಡಿದ ಮಾತು ಗೋಡೆಯಲ್ಲಿ ದಪ್ಪಗೆ ಕೂತಿರುತ್ತವೆ, ಅವೇ ಮೊದಲು ಹೊರಗೆ ಬರುತ್ತವೆ. ಎಲ್ಲರೂ ಕೇಳುತ್ತಾರೆ, ಅಳುತ್ತಾರೆ, ನಗುತ್ತಾರೆ. ಆಮೇಲೆ ಸುಣ್ಣದವನು ಬಂದು ಗೋಡೆಯನ್ನು ಬಿಳಿ ಮಾಡುತ್ತಾನೆ. ಇದಕ್ಕೆ ನಾವು ಮಾತು ಬಿಡಿಸುವುದು ಅನ್ನುತ್ತೇವೆ. ಮಾತು ಬಿಡಿಸದಿದ್ದರೆ ಹೋದವರಿಗೆ ಊರು ಬಿಡಲು ಕಾಲು ಬರುವುದಿಲ್ಲವಂತೆ.

ನಾನು ಸುಭದ್ರೆ. ಸಂತೆಪೇಟೆಯಲ್ಲಿ ಹಿಟ್ಟಿನ ಗಿರಣಿ ನಡೆಸುವವಳು. ಬರೆಯಲು ಕೂತರೆ ಹೀಗೆ ಪುಂಖಾನುಪುಂಖವಾಗಿ ಬರೆಯುತ್ತೇನಲ್ಲ, ಬಾಯಿ ತೆರೆದರೆ ನನ್ನ ಕಥೆಯೇ ಬೇರೆ. ಹುಟ್ಟಿನಿಂದ ಉಗ್ಗು. ಮೊದಲ ಅಕ್ಷರ ಬಾಗಿಲಲ್ಲಿ ಸಿಕ್ಕಿಕೊಂಡ ಸೆರಗಿನಂತೆ, ಎಳೆದಷ್ಟೂ ಬರುವುದಿಲ್ಲ. ಬೇರೆ ಊರಿನಲ್ಲಾದರೆ ಉಗ್ಗಿದ್ದು ಆ ಗಳಿಗೆಗೆ ಮುಗಿಯುತ್ತಿತ್ತು. ನಮ್ಮ ಶಾಲೆಯ ಗೋಡೆಗೆ ಮಕ್ಕಳು ಒದ್ದೆ ಕೈ ಒತ್ತಿ ನನ್ನ "ಕ-ಕ-ಕಮಲ"ವನ್ನು ಮತ್ತೆ ಮತ್ತೆ ಕೇಳಿ ನಕ್ಕರು. ನಾನು ಗಿರಣಿ ಹಿಡಿದದ್ದು ಅದಕ್ಕೇ. ಗಿರಣಿಯ ಗೋಡೆಗಳಲ್ಲಿ ತುಂಬಿರುವುದು ಗರ್ರ್ ಎಂಬ ಸದ್ದೊಂದೇ. ಆ ಸದ್ದಿನಡಿ ಯಾರ ಮಾತೂ ಉಳಿಯುವುದಿಲ್ಲ. ಗಿರಾಕಿಗಳ ಜೊತೆಗೂ ಕೈಸನ್ನೆಯಲ್ಲೇ ನನ್ನ ವ್ಯವಹಾರ. ನುಣ್ಣಗೆ ಬೇಕಾದರೆ ಬೆರಳು ಉಜ್ಜುವುದು, ತರಿ ಬೇಕಾದರೆ ಚಿಟಿಕೆ. ಮಾತಿಲ್ಲದೆ ಬದುಕು ಸಾಗಿಸಬಹುದು ಎಂದು ನಾನು ತೀರ್ಮಾನಿಸಿಯಾಗಿತ್ತು.

ಅಂಥ ಒಂದು ದಿನ ದನದ ಆಸ್ಪತ್ರೆಯ ಕಾಂಪೌಂಡರ್ ಚಿಕ್ಕಲಿಂಗಯ್ಯನವರು ರಾಗಿ ಬೀಸಿಸಲು ಬಂದರು. ಆಸ್ಪತ್ರೆ ಅಂದರೆ ಸಂತೆಮಾಳದ ತಗಡಿನ ಶೆಡ್ಡು; ನಿವೃತ್ತರಾದ ಮೇಲೂ ಅವರು ಅದನ್ನು ಬಿಟ್ಟಿರಲಿಲ್ಲ. ದಪ್ಪ ಮೀಸೆಯ, ಗಿಡ್ಡ ದೇಹದ, ಯಾವಾಗಲೂ ಡೆಟಾಲ್ ವಾಸನೆಯ ಮನುಷ್ಯ. ಗಿರಣಿಯ ಹೊರಗೆ ಗಾಡಿಯ ಎತ್ತೊಂದು ಸದ್ದಿಗೆ ಬೆದರಿ ಮೂಗುದಾರ ಕಿತ್ತುಕೊಳ್ಳುವಂತೆ ಜಗ್ಗುತ್ತಿತ್ತು. ಅವರು ಅದರ ಕತ್ತಿನಡಿಯ ಗಂಗೆದೊಗಲು ಸವರುತ್ತ ಏನೋ ಹೇಳಿದರು. ಕನ್ನಡವಲ್ಲ, ತೆಲುಗಲ್ಲ, ನಾನು ಕೇಳಿದ ಯಾವ ಭಾಷೆಯೂ ಅಲ್ಲ. ಎತ್ತು ತಣ್ಣಗಾಯಿತು. ಸತ್ಯ ಹೇಳುತ್ತೇನೆ, ನಾನೂ ತಣ್ಣಗಾದೆ. ಅದೆಂಥ ಭಾಷೆ ಎಂದು ಕೈಸನ್ನೆಯಲ್ಲಿ ಕೇಳಿದೆ.

"ಸಿರೂಲ ಅಂತ ಕಣಮ್ಮ," ಅಂದರು. "ನಾನೇ ಮಾಡ್ಕೊಂಡಿರೋದು. ಬೇರೆ ಯಾರಿಗೂ ಬರಲ್ಲ. ನಿಂಗೆ ಬೇಕಾದ್ರೆ ಹೇಳ್ಕೊಡ್ತೀನಿ."

ಹೀಗೆ ಸಿರೂಲದ ಪಾಠ ಶುರುವಾಯಿತು. ಸಂಜೆ ಗಿರಣಿ ನಿಂತ ಮೇಲೆ ಮೂಟೆಗಳ ಮೇಲೆ ಕೂತು ಕಲಿಯುತ್ತಿದ್ದೆವು. ಮೊದಲು ನಾನೊಬ್ಬಳೇ. ಆಮೇಲೆ ಪಕ್ಕದ ಅಂಗಡಿಯ ಟೈಲರ್ ರವೂಫ್ ಸಾಹೇಬರು ಬಂದರು. ಅವರ ಹಿಂದೆ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಬೋರಪ್ಪ, ಇನ್ನೂ ನಾಲ್ಕೈದು ಜನ. ಸಿರೂಲದ ಮಾತನ್ನು ಗೋಡೆ ಹಿಡಿಯುವುದಿಲ್ಲ ಎಂಬ ಸುದ್ದಿ ಹಬ್ಬಿತ್ತು. ಎಷ್ಟು ನೀರು ಹೊಯ್ದರೂ ಒಂದು ಸೊಲ್ಲೂ ಹಿಂದಿರುಗುವುದಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ, ಗೋಡೆಯನ್ನು ಕೇಳಿ. ಬಂದವರಲ್ಲಿ ಅರ್ಧ ಜನ ಮನೆಯೊಳಗೇ ನಿರಾಳವಾಗಿ ಬೈದಾಡಲು ಒಂದು ಭಾಷೆ ಸಿಕ್ಕಿತೆಂದು ಬಂದವರು. ಸಿರೂಲದಲ್ಲಿ ಬೈಗುಳವೇ ಇಲ್ಲ ಎಂದು ತಿಳಿದ ಮೇಲೆ ಅವರು ಮುಖ ಸಪ್ಪೆ ಮಾಡಿಕೊಂಡು ಹೋದರು. ಉಳಿದದ್ದು ನಾವಷ್ಟೇ, ಮಾಡಲು ಬೇರೆ ಕೆಲಸವಿಲ್ಲದವರು ಎಂದು ಊರು ಆಡಿಕೊಂಡಿತು. ಆಡಿಕೊಂಡದ್ದೂ ಬಸ್ಸಿನಲ್ಲೇ.

ಸಿರೂಲ ದೇಶದಲ್ಲಿ ಮನೆಗೆ ಗೋಡೆಗಳಿಲ್ಲವಂತೆ, ಪರದೆ ಮಾತ್ರವಂತೆ. ಅಲ್ಲಿ ಎಮ್ಮೆಗಳು ನೀಲಿ ಬಣ್ಣದವಂತೆ. ಇದನ್ನೆಲ್ಲ ಚಿಕ್ಕಲಿಂಗಯ್ಯನವರು ಮೊನ್ನೆ ತಾನೇ ಹೋಗಿ ಬಂದವರ ಹಾಗೆ ಹೇಳುತ್ತಿದ್ದರು. ಆದರೆ ಪಾಠದಲ್ಲಿ ರಾಜನೂ ಇಲ್ಲ, ಕತ್ತಿಯೂ ಇಲ್ಲ. ಎಲ್ಲ ಒಲೆಯ ಮುಂದಿನ ಮಾತುಗಳೇ. "ಸಿಯಾ ವೇಲು ತೊರಿಸ?" ಅಂದರೆ ನಿನ್ನ ಮಂಡಿ ನೋವು ಹೇಗಿದೆ. "ಸಿಯಾ ಅಲ್ಮ ಲಾಸು" ಅಂದರೆ ನಿನ್ನ ಕೈಯಡುಗೆ ಚೆನ್ನಾಗಿದೆ. ಭಾಷೆ ಹುಟ್ಟಿದ್ದು ದನಕ್ಕೆ ಸೂಜಿ ಚುಚ್ಚುವಾಗ ಸಮಾಧಾನ ಹೇಳಲು, ಅದಕ್ಕೆ ಹೀಗಿರಬೇಕು ಎಂದುಕೊಂಡೆವು. ಒಂದೊಂದು ವಾಕ್ಯವನ್ನೂ ಅವರು ಮೊದಲು ತಾವೇ ಹತ್ತಾರು ಸಲ ಹೇಳಿ, ರಾಗ ಬದಲಿಸಿ, ತಲೆಯಾಡಿಸಿ, ಆಮೇಲೆ ನಮ್ಮಿಂದ ಹೇಳಿಸುತ್ತಿದ್ದರು.

ಅರ್ಥ ಸುಲಭ, ಉಚ್ಚಾರ ಕಷ್ಟ. ಅದರಲ್ಲೂ ಅವರ ಸಕಾರ. ಅದು ಸ ಅಲ್ಲ, ಶ ಅಲ್ಲ. ಎರಡರ ನಡುವೆ ಒಂದು ಸಣ್ಣ ಸೀಟಿ, ಕುಕ್ಕರು ಕೂಗುವುದಕ್ಕೆ ಮುಂಚೆ ಮುಲುಗುತ್ತದಲ್ಲ, ಹಾಗೆ. ಗುರುಗಳ ಬಾಯಲ್ಲಿ ಅದು ಸಲೀಸು. ನಾವು ನಾಲಿಗೆಯನ್ನು ಕೆಳಗಿನ ಹಲ್ಲಿಗೆ ಆನಿಸಿ, ಮೇಲಿನ ತುಟಿ ಎತ್ತಿ, ಗಾಳಿ ಬಿಟ್ಟು, ಎಂಜಲು ಹಾರಿಸಿ ಸಾಧನೆ ಮಾಡಿದ್ದೇ ಮಾಡಿದ್ದು. ರವೂಫ್ ಸಾಹೇಬರಿಗೆ ಬೇಗ ಬಂತು. ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡಿ ಅಭ್ಯಾಸ. ಬೋರಪ್ಪ ಮೇಷ್ಟ್ರದ್ದು ವಿಪರೀತವಾಯಿತು. ಅವರು ಸಕಾರ ಹೇಳಿದರೆ ಬೀದಿಯಲ್ಲಿ ಹೋಗುವ ಹುಡುಗರು ಸಾವಧಾನ್ ನಿಲ್ಲುತ್ತಿದ್ದರು. ಗುರುಗಳು ಮೀಸೆಯ ಮೇಲೆ ಕೈಯಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರೇ ಹೊರತು, ಹಾಗಲ್ಲ ಎಂದು ಯಾರನ್ನೂ ತಿದ್ದಲಿಲ್ಲ.

ನನ್ನ ತೊಂದರೆ ಸಕಾರವಲ್ಲ. ಭಾಷೆ ಹೊಸದಾದರೇನು, ಬಾಯಿ ಹಳೆಯದೇ ತಾನೆ? ಮೊದಲ ಸಂಜೆಯೇ "ಸಿ-ಸಿ-ಸಿ" ಎಂದು ಸಿಕ್ಕಿಬಿದ್ದೆ. ಮುಖ ಕೆಂಪಾಗಿ ಎದ್ದುಬಿಡುವುದರಲ್ಲಿದ್ದೆ. ಚಿಕ್ಕಲಿಂಗಯ್ಯನವರು ಗಂಭೀರವಾಗಿ ಕೈಮುಗಿದರು.

"ಇಷ್ಟೊಂದು ಮರ್ಯಾದೆ ಯಾಕಮ್ಮ ನಂಗೆ?" ಅಂದರು. "ಸಿರೂಲದಲ್ಲಿ ಮೊದಲ್ನೇ ಅಕ್ಷರ ಒಂದೇ ಸಲ ಹೇಳಿದ್ರೆ ಸಲಿಗೆ. ಎರಡು ಸಲ ಹೇಳಿದ್ರೆ ಗೌರವ. ಮೂರು ಸಲ ಅಂದ್ರೆ ಅಲ್ಲಿ ದೊಡ್ಡ ಗುರುಗಳಿಗೆ ಮಾತ್ರ ಹೇಳೋದು."

ಆ ನಿಯಮವನ್ನು ಅವರು ಅದೇ ಕ್ಷಣದಲ್ಲಿ ಹುಟ್ಟಿಸಿದರೆಂಬುದು ದಡ್ಡರಿಗೂ ಗೊತ್ತಾಗುವಂತಿತ್ತು. ಆದರೆ ನಿಯಮ ನಿಯಮವೇ. ಮಾರನೆಯ ದಿನದಿಂದ ರವೂಫ್ ಸಾಹೇಬರೂ ಬೋರಪ್ಪ ಮೇಷ್ಟ್ರೂ ಗುರುಗಳನ್ನು ಮಾತನಾಡಿಸುವಾಗ ಭಕ್ತಿಯಿಂದ ಉಗ್ಗತೊಡಗಿದರು. ಇಡೀ ಗಿರಣಿ ಉಗ್ಗುತ್ತಿತ್ತು, ನನ್ನಷ್ಟು ಸಹಜವಾಗಿ ಯಾರಿಗೂ ಬರುತ್ತಿರಲಿಲ್ಲ. ಜೀವನದಲ್ಲಿ ಮೊದಲ ಸಲ ನಾನು ಮಾತಾಡುವುದನ್ನು ಬೇರೆಯವರು ನೋಡಿ ಕಲಿತರು. ಈ ಒಂದು ಉಪಕಾರಕ್ಕೆ ನಾನು ಏಳು ಜನ್ಮ ಅವರ ಮನೆಯ ರಾಗಿ ಬೀಸಿದರೂ ಸಾಲದು.

ಅವರಿಗೆ ಕೆಮ್ಮು ಹಿಡಿದದ್ದು, ಕೆಮ್ಮು ಎದೆಗಿಳಿದದ್ದು, ಒಂದು ಬೆಳಿಗ್ಗೆ ಏಳದೆ ಹೋದದ್ದು ಎಲ್ಲ ಬಹಳ ಬೇಗ ನಡೆಯಿತು. ಅದನ್ನು ಎಳೆಯುವುದಿಲ್ಲ. ಮಣ್ಣು ಮಾಡಿ ಬಂದ ಕೆಲವು ದಿನಗಳ ಮೇಲೆ ರವೂಫ್ ಸಾಹೇಬರು ಗಿರಣಿಗೆ ಬಂದು ಹೇಳಿದರು: "ಸುಭದ್ರಮ್ಮ, ಸಣ್ಣತಾಯಮ್ಮನವ್ರು ಮಾತು ಬಿಡಿಸೋದು ಬೇಡ ಅಂತಿದಾರಂತೆ. ಯಜಮಾನ್ರುಗಳೆಲ್ಲ ಹೋಗಿ ಹೇಳಿದ್ರೂ ಕೇಳ್ತಿಲ್ಲವಂತೆ. ನೀವು ಹೆಣ್ಣುಮಕ್ಕಳು, ನೀವೊಂದು ಮಾತು ಹೇಳಿ ನೋಡಿ."

ಒಂದು ಮಾತು ಹೇಳಲು ನನ್ನನ್ನೇ ಕಳಿಸುತ್ತಾರಲ್ಲ ಎಂದುಕೊಂಡೇ ಹೋದೆ.

ಸಣ್ಣತಾಯಮ್ಮ ಗುರುಗಳ ಹೆಂಡತಿ. ಎಪ್ಪತ್ತರ ಹತ್ತಿರದ, ನೆಟ್ಟಗೆ ಕೂರುವ ಹೆಂಗಸು. ಮಕ್ಕಳಿಲ್ಲ. ಅಡಿಗೆಮನೆಯ ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತಿದ್ದರು. ನಾನು ಉಗ್ಗುತ್ತ ಕೇಳಿದ್ದನ್ನು ಪೂರ್ತಿ ಹೇಳಿ ಮುಗಿಸಲು ಬಿಟ್ಟರು. ನಡುವೆ ಪದ ಹುಡುಕಿ ಕೊಡಲಿಲ್ಲ. ಆಮೇಲೆ ಚೊಂಬಿನಲ್ಲಿ ಬೆರಳದ್ದಿ, ತಾವು ಒರಗಿದ್ದ ಕಡೆ ಗೋಡೆಗೆ ಸವರಿದರು.

"ನಿನ್ನಂಥೋಳ್ನ ಕಟ್ಕೊಂಡು ನಾನ್ ಹಾಳಾಗೋದೆ!" ಎಂದಿತು ಗೋಡೆ. ಗಟ್ಟಿ ದನಿ, ಎಳೆ ಪ್ರಾಯದ ಗಂಡಸಿನದು.

ನಾನು ಹೌಹಾರಿ ಎದ್ದುನಿಂತೆ.

"ಮದ್ವೆಯಾಗಿ ಇನ್ನೂ ವರ್ಷ ತುಂಬಿರ್ಲಿಲ್ಲ," ಅಂದರು ಸಣ್ಣತಾಯಮ್ಮ. "ಸಾರಿಗೆ ಉಪ್ಪು ಜಾಸ್ತಿ ಬಿದ್ದಿತ್ತು, ಅಷ್ಟೇಯ. ಆ ಕಾಲದಾಗೆ ಅವ್ರಿಗೆ ಮೂಗಿನ ತುದೀಲಿ ಸಿಟ್ಟು. ಆವತ್ತು ಅಂದ್ಬುಟ್ರು. ಆ ಮಳೆಗಾಲದಾಗೆ ಗೋಡೆ ನೆಂದು ದಿನಾ ಇದನ್ನೇ ಅಂತು. ಕೇಳಿ ಕೇಳಿ ಅವ್ರೇ ಸೊರಗೋದ್ರು ಕಣವ್ವ. ಆಮ್ಯಾಕೆ ಮನೇಲಿ ಬಾಯೇ ಬಿಡ್ತಿರ್ಲಿಲ್ಲ. ಅದೆಷ್ಟು ದಿನ ಮೂಕ್ರಂಗಿದ್ರೋ. ಒಂದಿನ ದನಗಳ ಮುಂದೆ ಆಡೋ ಭಾಷೇಲಿ ನನ್ ಮುಂದೆ ಏನೋ ಅಂದ್ರು. ಮಳೆ ಬಂತು, ಗೋಡೆ ಸುಮ್ಕಿತ್ತು. ಅಷ್ಟೇ, ಅವತ್ತಿಂದ ಈ ಮನೆಯೊಳಗೆ ಅವ್ರು ಕನ್ನಡ ಆಡಿದ್ದೇ ಇಲ್ಲ. ಬದುಕೆಲ್ಲ ನಂಜೊತೆ ಸಿರೂಲದಾಗೇ ಆಡಿದ್ರು."

"ನಿ-ನಿಮಗೆ ಬರತ್ತಾ?" ಎಂದೆ.

"ತಿಳೀತದೆ. ಆಡಾಕಿಲ್ಲ. ನಾನೂ ಅದ್ರಲ್ಲೇ ಆಡಿದ್ರೆ ಇಬ್ರದ್ದೂ ಉಳಿಯಾಕಿಲ್ವಲ್ಲ, ಈ ಮನೇಲಿ ಯಾರೋ ಬಾಳಿದ್ರು ಅಂತ ಗೋಡೆಗಾದ್ರೂ ಗೊತ್ತಿರ್ಲಿ ಅಂತ ನಾನು ಕನ್ನಡದಾಗೇ ಉತ್ರ ಕೊಡ್ತಿದ್ದೆ." ಅವರು ಗೋಡೆಯ ಆ ಜಾಗವನ್ನು ಮಗುವಿನ ಬೆನ್ನಿನ ಹಾಗೆ ಸವರಿದರು. "ನೋಡವ್ವ, ಊರೋರ ಮುಂದೆ ನೀರು ಹಾಕಿದ್ರೆ ಅವ್ರದ್ದು ಅಂತ ಬರೋದು ಇದೊಂದೇ ಮಾತು. ಚಿಕ್ಕಲಿಂಗಯ್ಯ ಅಂದ್ರೆ ಇಷ್ಟೇಯಾ ಅಂತಾರೆ ಜನ. ಹಂಗಂತ ಸುಣ್ಣ ಹಚ್ಚುಸ್ಬುಡಾಣ ಅಂದ್ರೆ ಅದೂ ಆಗಾಕಿಲ್ಲ. ನಂಗೆ ಉಳಿದಿರೋ ಅವ್ರ ದನಿ ಇದೊಂದೇ. ಬೈಗುಳವಾದ್ರೂ ದನಿ ಅವ್ರದೇ ಅಲ್ವಾ? ದಿನಾ ಬೆರಳದ್ದಿ ಕೇಳ್ತೀನಿ."

ನಮಗೆಲ್ಲ ಅಷ್ಟು ಮಾತು ಕೊಟ್ಟ ಮನುಷ್ಯ ಕಟ್ಟಿಕೊಂಡವಳಿಗೆ ಬಿಟ್ಟುಹೋದದ್ದು ಇದೊಂದೇ ಸೊಲ್ಲೇ? ಅವರ ಪಕ್ಕ ಕೂತು ಅತ್ತೆ. ಅಳುವಾಗ ಉಗ್ಗು ಬರುವುದಿಲ್ಲ, ಅದೊಂದು ಅನುಕೂಲ.

ಕೊನೆಗೆ ಒಪ್ಪಿಸಿದ್ದು ನಾನಲ್ಲ, ಸುಣ್ಣದ ಕರಿಯಣ್ಣ. ಅವನು ಊರಿನ ಅಷ್ಟೂ ಗೋಡೆಗಳ ಕೊನೆಯ ಮಾತು ಕೇಳಿದವನು. "ಅವ್ವಾ, ಯಾರ ಗೋಡೇಲೂ ಬರೀ ಒಳ್ಳೇದೇ ಇರಾಕಿಲ್ಲ," ಅಂದ. "ನೀರು ಹಾಕುವ. ಕೇಳುವ. ಸುಣ್ಣ ಹಚ್ಚು ಅಂತ ನೀವಾಗಿ ಹೇಳೋಗಂಟ ನಾನು ಕುಂಚ ಎತ್ತಾಕಿಲ್ಲ." ಅಷ್ಟು ಮಾತು ಕೊಟ್ಟ ಮೇಲೆ ಸಣ್ಣತಾಯಮ್ಮ ಹೂಂ ಅಂದರು.

ಆ ದಿನ ನಡುಮನೆ ಕಿಕ್ಕಿರಿದಿತ್ತು. ದನಕರು ಸಾಕಿದವರೆಲ್ಲ ಬಂದಿದ್ದರು; ಗುರುಗಳ ಕೈಯ ಔಷಧಿ ಕುಡಿಯದ ಹಸು ಊರಲ್ಲಿ ಯಾವುದಿತ್ತು? ನಮ್ಮ ಪಾಠದವರೆಲ್ಲ ಹಿಂದೆ ಕಂಬದ ಹತ್ತಿರ ಕೂತೆವು. ಹಿರಿಯರೊಬ್ಬರು ಮಾವಿನ ಸೊಪ್ಪನ್ನು ನೀರಿಗೆ ಅದ್ದಿ ಗೋಡೆಗೆ ಚಿಮುಕಿಸಿದರು.

ಮೊದಲು ಬಂದದ್ದು ಅದೇ. "ನಿನ್ನಂಥೋಳ್ನ ಕಟ್ಕೊಂಡು ನಾನ್ ಹಾಳಾಗೋದೆ!"

ಜನ ತಲೆ ತಗ್ಗಿಸಿದರು. ಮುಂದಿನ ಸಾಲಿನಲ್ಲಿ ಯಾರೋ ಲೊಚಗುಟ್ಟಿದರು. ಸಣ್ಣತಾಯಮ್ಮ ಮಿಸುಕದೆ ಕೂತಿದ್ದರು, ಮಡಿಲಲ್ಲಿ ಕೈಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು. ಹಿರಿಯರು ಮುಜುಗರದಿಂದ ಮತ್ತೊಮ್ಮೆ ನೀರು ಚಿಮುಕಿಸಿದರು. ಈಗ ಬಂದದ್ದು ಹೆಂಗಸಿನ ದನಿ, ಸಣ್ಣತಾಯಮ್ಮನವರದೇ, ನಡುವಯಸ್ಸಿನದು. "ಹೂಂ, ಈಗ ವಾಸಿ. ಎಣ್ಣೆ ತಿಕ್ಕಂಡೆ." ಒಂದಿಷ್ಟು ಮೌನ. ಆಮೇಲೆ, "ಉಪ್ಪು ಕಮ್ಮಿಯಾಗಿತ್ತಲ್ವಾ? ಸುಳ್ಳ್ ಹೇಳ್ಬೇಡಿ." ಮತ್ತೆ ಮೌನ. ಕೇಳುವವರೇ ಇಲ್ಲದ ಮನೆಯಲ್ಲಿ ಒಬ್ಬಳೇ ಹೆಂಗಸು ತನ್ನಷ್ಟಕ್ಕೆ ಮಾತಾಡಿಕೊಂಡ ಹಾಗಿತ್ತು. "ಪಾಪ, ಗಂಡ ಮಾತೇ ಆಡಿಸ್ತಿರ್ಲಿಲ್ಲ ಕಾಣುತ್ತೆ," ಎಂದು ಒಬ್ಬಾಕೆ ಪಿಸುಗುಟ್ಟಿದಳು. ಆ ಪಿಸುಮಾತೂ ಗೋಡೆಗೆ ಸೇರಿತು.

ಈಗ ವಾಸಿ, ಎಣ್ಣೆ ತಿಕ್ಕಂಡೆ. ಈ ಉತ್ತರದ ಪ್ರಶ್ನೆ ನನಗೆ ಗೊತ್ತು! ಎಷ್ಟು ಸಂಜೆ ಅದನ್ನು ಬಾಯಿಪಾಠ ಮಾಡಿಲ್ಲ? ಗುರುಗಳು ಒಂದೊಂದು ವಾಕ್ಯವನ್ನೂ ಹತ್ತಾರು ಸಲ ಹೇಳಿ, ರಾಗ ಬದಲಿಸಿ, ತಲೆಯಾಡಿಸುತ್ತಿದ್ದದ್ದು ನಮಗಾಗಿ ಅಲ್ಲವೇ ಅಲ್ಲ. ಮನೆಗೆ ಹೋಗಿ ಹೆಂಡತಿಯ ಹತ್ತಿರ ಹೇಗೆ ಹೇಳಿದರೆ ಚೆನ್ನ ಎಂದು ನೋಡಿಕೊಳ್ಳುತ್ತಿದ್ದರು. ನಮ್ಮ ಪಾಠವೆಂದರೆ ಈ ಮನೆಯ ಸಂಸಾರ, ಅರ್ಧ ಭಾಗ.

ತುಂಬಿದ ಸಭೆಯಲ್ಲಿ ನಾನು ಯಾವತ್ತೂ ಬಾಯಿ ತೆರೆದವಳಲ್ಲ. ಆದರೂ ಎದ್ದೆ. ಹಿರಿಯರ ಕೈಯಿಂದ ಸೊಪ್ಪು ತೆಗೆದುಕೊಂಡೆ. ಗೋಡೆಗೆ ನೀರು ಹಾಕುವ ಮುಂಚೆ ಹೇಳಿದೆ: "ಸಿ-ಸಿ-ಸಿಯಾ ವೇಲು ತೊರಿಸ?"

ನೀರು ಚಿಮುಕಿಸಿದೆ. "ಹೂಂ, ಈಗ ವಾಸಿ. ಎಣ್ಣೆ ತಿಕ್ಕಂಡೆ," ಎಂದಿತು ಗೋಡೆ.

ರವೂಫ್ ಸಾಹೇಬರು ಕಂಬ ಹಿಡಿದು ಎದ್ದರು, ಟೋಪಿ ಸರಿಮಾಡಿಕೊಂಡರು. "ಸಿಯಾ ಅಲ್ಮ ಲಾಸು."

"ಉಪ್ಪು ಕಮ್ಮಿಯಾಗಿತ್ತಲ್ವಾ? ಸುಳ್ಳ್ ಹೇಳ್ಬೇಡಿ."

ಬೋರಪ್ಪ ಮೇಷ್ಟ್ರು ಎದ್ದು ನಿಂತದ್ದು ಸಾವಧಾನ್ ಭಂಗಿಯಲ್ಲಿ. "ಆಮು ತೂಸಾ, ಸಿಯಾ ನಿಸ!" ನಾನು ಪಾತ್ರೆ ತೊಳೆಯುತ್ತೇನೆ, ನೀನು ಮಲಗು.

"ಬ್ಯಾಡ ಬುಡಿ, ಗಂಡಸ್ರು ಮುಸುರೆ ತಿಕ್ಕಿದ್ರೆ ನೋಡ್ದೋರು ಏನಂದಾರು?"

ಜನ ಗೊಳ್ಳೆಂದು ನಕ್ಕರು. ನಗುತ್ತಿದ್ದವರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ಆದರೆ ನಾನು ಸಣ್ಣತಾಯಮ್ಮನವರನ್ನು ನೋಡುತ್ತಿದ್ದೆ. ಅವರು ಬಾಯಿಗೆ ಸೆರಗು ಒತ್ತಿಕೊಂಡು, ನಮ್ಮ ಮೂವರ ತುಟಿಗಳನ್ನೇ ಒಬ್ಬರಾದ ಮೇಲೊಬ್ಬರಂತೆ ನೋಡುತ್ತಿದ್ದರು.

"ಆ ಸೀಟಿ," ಅಂದರು. "ಅದ್ಯಾಕ್ ನೀವೆಲ್ಲ ಹಂಗೆ ಸೀಟಿ ಹೊಡೀತೀರ?"

"ಅ-ಅದು ಸಿರೂಲದ ಸಕಾರ ಅಲ್ವಾ ಅಮ್ಮ," ಎಂದೆ. "ಗುರುಗಳು ಹಾಗೇ ಹೇಳ್ತಿದ್ರು."

"ಅಯ್ಯೋ ನನ್ ತಾಯಿ! ಅದು ಸಿರೂಲದ್ದಲ್ಲ, ಹಾಲಗೌಡರ ಎಮ್ಮೇದು. ಸೂಜಿ ಹಾಕೋವಾಗ ಒದ್ದು ಇವ್ರ ಮುಂದಿನ ಹಲ್ಲು ಮುರೀತು. ಅವತ್ತಿಂದ ಸ ಅಂದ್ರೆ ಗಾಳಿ ಸೋರೋದು. ನಾಚ್ಕೆಗೆ ಮೀಸೆ ಇಳಿಬಿಟ್ಕೊಂಡ್ರು. ನಿಮ್ಗೆ ಅದೂ ಪಾಠ ಅಂತ ಕಲಿಸ್ಬುಟ್ರಾ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗಟ್ಟಿಮುಟ್ಟಾದ ಹಲ್ಲುಗಳನ್ನು ಇಟ್ಟುಕೊಂಡು ವರ್ಷಾನುಗಟ್ಟಲೆ ನಾವು ಸಾಧನೆ ಮಾಡಿದ್ದು ಎಮ್ಮೆಯೊಂದರ ಒದೆತವನ್ನು. ರವೂಫ್ ಸಾಹೇಬರು ಮೊದಲು ನಕ್ಕರು. ಸಣ್ಣತಾಯಮ್ಮ ನಗುತ್ತ ನಗುತ್ತ ಅಳತೊಡಗಿದರು. ನನ್ನ ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಗೋಡೇಲಿರೋನು ಇಪ್ಪತ್ತೈದರ ಹುಡ್ಗ ಕಣವ್ವ. ಅವನ ಹಲ್ಲೆಲ್ಲ ನೆಟ್ಟಗವೆ, ಸಿಟ್ಟೂ ನೆಟ್ಟಗದೆ. ಅವನ್ಜೊತೆ ನಾನು ಬಾಳಿದ್ದು ಒಂದು ವರ್ಷಾನೂ ಇಲ್ಲ. ನನ್ ಗಂಡ ಅಂದ್ರೆ ಈ ಸೀಟಿಯೋರು. ಅವ್ರು ಎಲ್ಲೋದ್ರು ಎಲ್ಲೋದ್ರು ಅಂತ ಗೋಡೆ ತಡಕ್ತಿದ್ದೆ. ನಿಮ್ ಬಾಯಲ್ಲವ್ರೆ."

ಗುರುಗಳು ನಮ್ಮನ್ನು ಯಾಕೆ ತಿದ್ದಲಿಲ್ಲ ಎಂದು ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ನಗೆಗೇ ಇದ್ದೀತು. ಅದೇನೇ ಇರಲಿ, ಅವರು ತಿದ್ದದೆ ಬಿಟ್ಟದ್ದಕ್ಕೆ ನಾನು ಕೈಮುಗಿಯುತ್ತೇನೆ. ಆ ಎಮ್ಮೆಗೂ ಮುಗಿಯುತ್ತೇನೆ.

ಕರಿಯಣ್ಣ ಬಾಗಿಲಲ್ಲಿ ಸುಣ್ಣದ ಬಕೀಟು ಇಟ್ಟುಕೊಂಡು, ಕೊಟ್ಟ ಮಾತಿನಂತೆ ಕುಂಚ ಎತ್ತದೆ ಕೂತಿದ್ದ. ಹಿರಿಯರು ಕೊನೆಯ ಸಲ ಇಡೀ ಗೋಡೆಗೆ ನೀರು ಎರಚಿದರು. ಆಗ ಗೋಡೆ ಎಲ್ಲ ಕಡೆಯಿಂದಲೂ ಒಂದೇ ಮಾತು ಆಡಿತು. "ಹೋಗ್ರೀ ನೀವು!" ಇಪ್ಪತ್ತರ ಹುಡುಗಿಯ ದನಿಯಲ್ಲಿ ಒಮ್ಮೆ. ನಲವತ್ತರ ಹೆಂಗಸಿನ ದನಿಯಲ್ಲಿ ಒಮ್ಮೆ. ಹೋದ ತಿಂಗಳಿನದೇ ಇರಬೇಕು, ನಡುಗುವ ಮುದಿ ದನಿಯಲ್ಲಿ ಮತ್ತೊಮ್ಮೆ. "ಹೋಗ್ರೀ, ಈ ವಯಸ್ಸಲ್ಲಿ ನಾಚ್ಕೆ ಇಲ್ವಾ ನಿಮ್ಗೆ?" ಪ್ರತಿ ಸಲವೂ ಕೊನೆಯಲ್ಲಿ ಒಂದು ಕಿಸಕ್ಕೆನ್ನುವ ನಗು. ಗೋಡೆಯ ತುಂಬ ಇದರಷ್ಟು ಹರಡಿಕೊಂಡ ಮಾತು ಬೇರೆ ಇರಲಿಲ್ಲ.

ಎಲ್ಲರೂ ನಮ್ಮತ್ತ ತಿರುಗಿದರು. ನಾನು ರವೂಫ್ ಸಾಹೇಬರನ್ನು ನೋಡಿದೆ, ಅವರು ಬೋರಪ್ಪ ಮೇಷ್ಟ್ರನ್ನು ನೋಡಿದರು. ಯಾರಿಗೂ ಗೊತ್ತಿರಲಿಲ್ಲ. ಈ ಉತ್ತರಕ್ಕೆ ಮುಂಚೆ ಅವರು ಏನು ಹೇಳುತ್ತಿದ್ದರು? ನಮಗೆ ಅದನ್ನು ಕಲಿಸಿರಲಿಲ್ಲ.

"ಏನ್ ಹೇಳ್ತಿದ್ರು ಅಮ್ಮ?" ಎಂದೆ. ಒಂದು ಅಕ್ಷರವೂ ಸಿಕ್ಕಿಕೊಳ್ಳಲಿಲ್ಲ.

ಸಣ್ಣತಾಯಮ್ಮನವರ ಮುಖ ಕಿವಿಯ ತನಕ ಕೆಂಪಾಯಿತು. "ಅದು ನಿಮ್ ಪಾಠದಾಗಿಲ್ಲ, ಬುಡಿ," ಅಂದರು. ಜನ ಬಿಡಲಿಲ್ಲ, ಕಾಯುತ್ತ ಕೂತರು. ಅವರು ಎದ್ದು ಅಡಿಗೆಮನೆಯ ಬಾಗಿಲ ಪಕ್ಕದ ಗೋಡೆಯ ಹತ್ತಿರ ಹೋದರು. ನಮಗೆ ಬೆನ್ನು ಮಾಡಿ ನಿಂತು, ಒದ್ದೆ ಗೋಡೆಗೆ ಹಣೆ ತಾಗಿಸಿ, ಬದುಕಿನಲ್ಲಿ ಮೊದಲ ಸಲ ಸಿರೂಲದಲ್ಲಿ ಒಂದು ವಾಕ್ಯ ಹೇಳಿದರು. ನಡುವೆ ಸಕಾರ ಬಂದ ಕಡೆ ಬೇಕೆಂದೇ ಸೀಟಿ ಹಾಕಿದರು.

ಸಿರೂಲ ಬಲ್ಲ ನಮಗಷ್ಟೇ ಅರ್ಥವಾಯಿತು. ರವೂಫ್ ಸಾಹೇಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಬೋರಪ್ಪ ಮೇಷ್ಟ್ರು ಮೇಲೆ ಜಂತೆ ಎಣಿಸುವವರಂತೆ ನಿಂತರು. ಗೋಡೆ ಅದನ್ನು ಹಿಡಿಯಲಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ.

ಸಣ್ಣತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಈ ಕಡೆ ತಿರುಗಿದರು.

"ಕರಿಯಣ್ಣ, ಈಗ ಹಚ್ಚಪ್ಪ," ಅಂದರು. "ಇಲ್ಲಿಂದಲೇ ಶುರು ಮಾಡು."